ಸುಖ ಉಂಟು, ಉಪ್ಪ

ಹಸಿ ಪ್ಲಾಸ್ಟರಿನ ವಾಸನೆ, ಆಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ, ಬಸ್ಸಿನ ಡೀಸೆಲ್ ಹೊಗೆಯಲ್ಲೂ ಅದೊಂದೇ ಹಸ್ನಾಳ ಮೂಗಿಗೆ ಹತ್ತುತ್ತಿದೆ, ಕಿಟಕಿಯ ಪಕ್ಕ ಆಫ್ರಾ, ಏಳು ವರ್ಷದ ಮಗಳು, ಪ್ಲಾಸ್ಟರು ಹಾಕಿದ ಬಿಳಿ ಕೈಯನ್ನು ಯಾರದೋ ಸಾಮಾನಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ — ಶಾಲೆಯ ಮೆಟ್ಟಿಲಲ್ಲಿ ಬಿದ್ದದ್ದು ಮೊನ್ನೆಯಂತೆ, ಮೊನ್ನೆ, ಇವತ್ತು ತಲೆ ಬಾಚುವಾಗ ಮಣಿಕಟ್ಟು ಬಾತದ್ದು ಕಣ್ಣಿಗೆ ಬೀಳದಿದ್ದರೆ ಇನ್ನೂ ಹೇಳುತ್ತಿರಲಿಲ್ಲ, ಪುತ್ತೂರಿನ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಮೂಳೆ ಮುರಿದಿದೆ ಮಾರಾಯ್ರೆ, ಮಗು ಹೇಗೆ ಸುಮ್ಮನಿತ್ತು, ನಿಮಗೆ ಗೊತ್ತೇ ಆಗ್ಲಿಲ್ವಾ, ಎಂದರು, ಕೈ ಎಳೆದು ಮೂಳೆ ಕೂರಿಸುವಾಗಲೂ ಆಫ್ರಾ ಕಮಕ್ ಕಿಮಕ್ ಎನ್ನಲಿಲ್ಲ, ಎಷ್ಟು ಗಟ್ಟಿ ಮಗು ಇದು ಎಂದು ನರ್ಸು ಹೊಗಳಿದಳು, ಗಟ್ಟಿ, ಹಸ್ನಾಳನ್ನೂ ಚಿಕ್ಕಂದಿನಲ್ಲಿ ಹಾಗೇ ಹೊಗಳಿದ್ದರಲ್ಲ, ಬೆಳ್ಳಾರೆಯ ಎಸ್‌ಟಿಡಿ ಬೂತಿನಲ್ಲಿ, ಶುಕ್ರವಾರ ಸೌದಿಯಲ್ಲಿದ್ದ ತಂದೆಯ, ಉಪ್ಪನ, ಫೋನು ಬರುವ ಹೊತ್ತು, ಕುದಿಯುವ ಗಂಜಿ ಚೆಲ್ಲಿ ಸುಟ್ಟ ಪಾದವನ್ನು ಎತ್ತಿ ಒಂಟಿ ಕಾಲಲ್ಲಿ ನಿಂತಿದ್ದಾಳೆ, ಹಿಂದೆ ಉಮ್ಮ ಕದೀಜಮ್ಮ ಹೆಗಲು ಒತ್ತಿ ಹಿಡಿದು, ಅಳ್ಬೇಡ, ಉಪ್ಪ ದಮ್ಮಾಮಲ್ಲಿ ಒಬ್ಬರೇ ಇರುದು, ಕೇಳಿದ್ರೆ ಅವರಿಗೆ ಅನ್ನ ಇಳಿಯುದಿಲ್ಲ, ಆ ಕಡೆಯಿಂದ ಮಗಳನ್ನು ಕರೆಯುವ ದೂರದ ದನಿ, ಎಂತ ವಿಶೇಷ ಮೋಳೆ, ಸುಖ ಉಂಟು ಉಪ್ಪ, ರಿಸೀವರ್ ಇಟ್ಟ ಮೇಲೆ ಉಮ್ಮ ಅವಳ ಹಣೆಗೆ ಮುತ್ತಿಟ್ಟಳು, ಅಪರೂಪದ ಮುತ್ತು, ಅದಕ್ಕಾಗಿ ಇನ್ನೊಂದು ಪಾದವನ್ನೂ ಸುಟ್ಟುಕೊಳ್ಳಬಹುದಿತ್ತು.

ಆಮೇಲೆ ಅದೇ ಅಭ್ಯಾಸವಾಯಿತು, ಅಭ್ಯಾಸವೇ ಅವಳಾಯಿತು — ಹೆರಿಗೆಯ ನೋವಿನಲ್ಲಿ ಪರವಾಗಿಲ್ಲ ಎಂದವಳು, ಉಪ್ಪ ತೀರಿಹೋದಾಗ ಮಯ್ಯತ್ತಿನ ದಿನ ಬಂದವರಿಗೆಲ್ಲ ಚಹಾ ಕೊಟ್ಟವಳು, ಗಂಡ ಹಾರಿಸ್ ಮದುವೆಯಾದ ಹೊಸದರಲ್ಲಿ ದುಬೈಗೆ ಹೊರಟಾಗ, ನಿನಗೆ ಬೇಜಾರೇ ಇಲ್ವಾ ಹಸ್ನಾ, ಎಂದು ಕೇಳಿ ಉತ್ತರಕ್ಕೆ ಕಾದು ನಿಂತಿದ್ದ, ಇದೆ ಎನ್ನಬೇಕಿತ್ತು, ಒಂದೇ ಮಾತು, ಹೋಗಿ ಬನ್ನಿ ಎಂದಳು ನಗುತ್ತ, ಅವನು ಇನ್ನೆಂದೂ ಕೇಳಲಿಲ್ಲ, ಆಫ್ರಾಳಿಗೂ ಅವಳೇ ಅಲ್ಲವೇ ಹೇಳಿಕೊಟ್ಟದ್ದು, ಜ್ವರ ಬಂದಾಗ, ಗೆಳತಿ ಮಾತು ಬಿಟ್ಟಾಗ, ಉಪ್ಪನ ಹತ್ರ ಅದೆಲ್ಲ ಎಂತಕ್ಕೆ ಹೇಳುದು, ಎಂದು, ಮೆತ್ತಗೆ, ಪ್ರೀತಿಯಿಂದಲೇ —

ಬಸ್ಸು ಕುಂಬ್ರ ದಾಟುವಾಗ ವೀಡಿಯೋ ಕಾಲು, ದುಬೈಯಿಂದ ಹಾರಿಸ್, ಆಫ್ರಾ ಎಡಗೈಯಲ್ಲಿ ಫೋನು ಹಿಡಿದು ಪ್ಲಾಸ್ಟರನ್ನು ಚೂಡಿದಾರದ ಶಾಲಿನ ಕೆಳಗೆ ಸರಿಸುತ್ತಾಳೆ, ಯಾರೂ ಹೇಳದೆಯೇ ಮುಖ ಅರಳುತ್ತದೆ, ಎಂತ ಮಾಡ್ತಾ ಇದ್ದಿ ಮೋಳೆ, ಎಂತ ಇಲ್ಲ ಉಪ್ಪ, ಸುಖ ಉಂಟು, ಅದೇ ಮಾತು, ಅದೇ ರಾಗ, ಹಸ್ನಾಳ ಕೈ ಫೋನನ್ನು ಕಸಿದದ್ದು ಅವಳಿಗೇ ತಿಳಿಯಲಿಲ್ಲ, ಶಾಲು ಸರಿಸಿ ಬಿಳಿ ಕೈಯನ್ನು ತೋರಿಸಿದಳು, ಸುಖ ಇಲ್ಲ, ಕೈ ಮುರಿದಿದೆ ಅವಳದ್ದು, ಮೊನ್ನೆಯಿಂದ ನೋವು ನುಂಗಿ ಕೂತಿದ್ದಾಳೆ, ನನಗೂ ಇಲ್ಲಿ ಒಬ್ಬಳಿಗೆ ಆಗುದಿಲ್ಲ, ಯಾವತ್ತೂ ಆಗ್ತಿರಲಿಲ್ಲ, ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು, ನೋಡಲಿ, ಹಾರಿಸ್ ಬಾಯಿ ತೆರೆದ, ನೆಟ್‌ವರ್ಕ್ ಹೋಯಿತು, ಎಷ್ಟು ಕೇಳಿಸಿತೋ, ರಬ್ಬರ್ ತೋಟದ ನೆರಳು ಬಸ್ಸಿನೊಳಗೆ ಓಡುತ್ತಿದೆ, ಆಫ್ರಾ ತಪ್ಪು ಮಾಡಿದವಳಂತೆ ಅವಳನ್ನೇ ನೋಡುತ್ತಾಳೆ, ಉಮ್ಮಾ, ಬಹಳ ಸಣ್ಣ ದನಿ, ಈಗ ಅಳ್ಬಹುದಾ?

ಅಳು ಮೋಳೆ, ಅಳು, ಎಂದಳು ಹಸ್ನಾ, ಮಗಳನ್ನು ಎದೆಗೆಳೆದುಕೊಂಡಳು, ಕಾದಳು — ಕಣ್ಣು ತುಂಬಿದೆ, ಆದರೆ ಅಳು ಬರುತ್ತಿಲ್ಲ, ಹಲ್ಲಿನ ಕೆಳಗೆ ತುಟಿ, ಬಿಡು ಮೋಳೆ, ಬಿಡು, ಕಚ್ಚಿ ಹಿಡಿದ ತುಟಿ, ರಕ್ತ ಸರಿದು ಬೆಳ್ಳಗಾದ ಪುಟ್ಟ ತುಟಿ.