ಶನಿಯ ಉಂಗುರ

ತಿಮ್ಮರಾಜು ಮೇಷ್ಟ್ರು ಮೂವತ್ತೆರಡು ವರ್ಷ ಕ್ಯಾತನಹಳ್ಳಿ ಸುತ್ತಮುತ್ತಲ ಮಕ್ಕಳಿಗೆ ಬೋರ್ಡಿನ ಮೇಲೆ ಶನಿಗ್ರಹ ಬರೆದು, ಅದಕ್ಕೊಂದು ಉಂಗುರ ಹಾಕಿ ತೋರಿಸಿದ್ದರು. ತಾವು ಮಾತ್ರ ಅದನ್ನು ಒಂದು ಸಲವೂ ಕಂಡವರಲ್ಲ. ಈಗ ಎಡಗಣ್ಣು ಪೂರ್ತಿ ಹೋಗಿತ್ತು, ಬಲಗಣ್ಣಿನ ನೋಟ ಸುತ್ತಲಿಂದ ಕಿರಿದಾಗುತ್ತ ಬಂದು ನಡುವೆ ಒಂದಿಷ್ಟು ಉಳಿದಿತ್ತು. ಅದೂ ಯುಗಾದಿ ದಾಟುವುದಿಲ್ಲವೆಂದು ಮೈಸೂರಿನ ಡಾಕ್ಟರು ಮಗಳು ಹೇಮಶ್ರೀಯನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಅಪ್ಪನಿಗೆ ಅದನ್ನು ಹೇಳುವ ಎದೆ ಅವಳಿಗಿರಲಿಲ್ಲ.

ಎದೆ ಇಲ್ಲದಿದ್ದರೇನು, ಹಟವಿತ್ತು. ತಾನು ಕೆಲಸ ಮಾಡುವ ಕಾಲೇಜಿನ ಪ್ರಿನ್ಸಿಪಾಲರ ಬೆನ್ನುಬಿದ್ದು, ಲ್ಯಾಬಿನ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದ ಟೆಲಿಸ್ಕೋಪನ್ನು ಒಂದೇ ಒಂದು ದಿನಕ್ಕೆ ಊರಿಗೆ ತಂದಳು. ತೊಂಬತ್ತಾರರ ಸಂಕ್ರಾಂತಿ ಕಳೆದು ವಾರವಾಗಿತ್ತು. ಕಬ್ಬು ಕಡಿದು ಬಯಲಾದ ಗದ್ದೆಯಲ್ಲಿ ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಪಡುವಣದಲ್ಲಿ ಬೆಳ್ಳಿಚುಕ್ಕಿ ಹೊಳೆಯುತ್ತಿತ್ತು, ಅದರ ಮೇಲುಗಡೆ ಮಂಕಾಗಿ ಶನಿ.

ದೊಡ್ಡ ಕೊಳವೆಯ ಬೆನ್ನ ಮೇಲೆ ಗುರಿ ಹಿಡಿಯಲೆಂದು ಒಂದು ಚಿಕ್ಕ ದುರ್ಬೀನಿತ್ತು. ಅದರ ಅಡ್ಡಗೆರೆ ಉದ್ದಗೆರೆ ಕೂಡುವ ಕಡೆ ಶನಿಯನ್ನು ತಂದು ನಿಲ್ಲಿಸಿದಳು. ದೊಡ್ಡದರಲ್ಲಿ ಕಣ್ಣಿಟ್ಟರೆ ಬರೀ ಕತ್ತಲೆ. ಮತ್ತೆ ತಂದಳು, ಮತ್ತೆ ಕತ್ತಲೆ. ಐದನೇ ಸಲಕ್ಕೆ ಅಳು ಬಂತು. ಹಾಳು ಗ್ರಹ ಯಾರನ್ನಾದರೂ ಹಿಡಿದರೆ ಏಳೂವರೆ ವರ್ಷ ಬಿಡುವುದಿಲ್ಲವಂತೆ, ತನ್ನ ಕೈಗೆ ಒಂದು ಗಳಿಗೆ ಸಿಗಬಾರದೇ!

"ಚಿಕ್ಕದನ್ನ ಯಾವುದ್ಕೆ ಒಂದಿಸ್ದೆ ಮಗಾ?" ಎಂದರು ಮೇಷ್ಟ್ರು.

"ಸಂಜೇಲಿ ಮನೆ ಇತ್ಲ ತೆಂಗಿನಮರಕ್ಕೆ."

"ಅದು ಅತ್ತು ಮಾರೂ ದೂರ ಇಲ್ವಲ್ಲವ್ವ! ಅಷ್ಟತ್ರದ್ಕೆ ಒಂದಿಸಿದ್ರೆ ಆಕಾಶಕ್ಕಿಟ್ಟಾಗ ದೊಡ್ಡದು ಒಂದ್ಕಡೆ, ಚಿಕ್ಕದು ಇನ್ನೊಂದ್ಕಡೆ ನೋಡ್ತವೆ. ಸಕ್ಕರೆ ಕಾರ್ಖಾನೆ ಚಿಮಣಿ ದೀಪಕ್ಕಿಡು. ದೂರಾನೂ ಅದೆ, ಅಲ್ಲಾಡಾಕಿಲ್ಲ."

ಅವಳು ದೂರದ ಕೆಂಪು ದೀಪವನ್ನು ದೊಡ್ಡದರ ನಡುವಿಗೆ ತಂದು, ಚಿಕ್ಕದರ ಮೂರು ತಿರುಪುಗಳನ್ನು ಒಂದೊಂದಾಗಿ ತಿರುಗಿಸಿ ಗೆರೆಗಳನ್ನು ಅದೇ ದೀಪದ ಮೇಲೆ ಕೂರಿಸಿದಳು. ಮತ್ತೆ ಶನಿಯತ್ತ ತಿರುಗಿಸಿದಳು. ಬಂತು! ನಡುವೆ ತೂತಿದ್ದ ಬೆಳಕಿನ ಬಳೆ, ಉದ್ದಿನ ವಡೆಯಂತೆ. ಉಂಗುರವೇ ಎಂದುಕೊಂಡು ಹಿಗ್ಗಿ ಫೋಕಸ್ಸಿನ ಗುಂಡಿ ತಿರುಗಿಸಿದರೆ ಬಳೆ ಕುಗ್ಗುತ್ತಾ ಹೋಯಿತು, ತೂತು ಮುಚ್ಚಿಕೊಂಡಿತು, ಕೊನೆಗೆ ಉಳಿದದ್ದು ಬೋಳು ಗುಂಡು. ಎಷ್ಟು ಸ್ಪಷ್ಟ ಮಾಡಿದರೂ ಉಂಗುರವಿಲ್ಲ.

ಅವಳು ಅಪ್ಪನತ್ತ ನೋಡಿದಳು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ ಬಳೆಯನ್ನು ಮತ್ತೆ ಬರಿಸಿದಳು.

"ಬಾಪ್ಪ, ಕಾಣ್ತಾ ಅದೆ."

ಮೇಷ್ಟ್ರು ಕಣ್ಣಿಟ್ಟರು. ಮುಖ ಅರಳಿತು. ಅದೇ ಗಳಿಗೆಯಲ್ಲಿ ಅವರ ಬೆರಳು ಗುಂಡಿಯನ್ನು ತಡಕಿತು.

"ಬ್ಯಾಡ ಕಣಪ್ಪ, ಅಂಗೇ ಇರ್ಲಿ!" ಎಂದು ಅವಳು ಕೈ ಹಿಡಿದುಕೊಂಡಳು.

"ಫೋಕಸ್ಸಾಗಿಲ್ಲ ಕಣ್ ಮಗಾ," ಎಂದು ಅವರು ಕೈ ಬಿಡಿಸಿಕೊಂಡು ತಿರುಗಿಸಿದರು. "ಉಂಗುರ ಇಲ್ಲ. ನನ್ ಕಣ್ಣಾ, ಅಥ್ವಾ ನಿಂಗೂ ಕಾಣಾಕಿಲ್ವಾ?"

ಕಾಣುತ್ತದೆ ಎಂದರೆ ಅವರ ಕಣ್ಣು ಹೋಯಿತೆಂದು ತಾನೇ ಸಾರಿದಂತೆ.

"ನಂಗೂ ಇಲ್ಲ ಕಣಪ್ಪ," ಎಂದವಳೇ ಬಿಕ್ಕಿದಳು.

ಮೇಷ್ಟ್ರಿಗೆ ಆಗ ಹೊಳೆಯಿತು. "ಉಂಗುರ ನಮ್ ಕಡೀಕೆ ಅಂಚು ತಿರುಗಿಸ್ಕೊಂಡು ನಿಂತದೆ. ತಟ್ಟೇನ ಪಕ್ಕದಿಂದ ನೋಡ್ದಂಗೆ. ಅದಿನೈದು ವರ್ಸಕ್ಕೊಂದ್ಸಲ ಇಂಗಾಯ್ತದೆ ಅಂತ ಓದಿದ್ದೆ, ಮರ್ತೇ ಓಗಿತ್ತು. ನನ್ ಕಣ್ಣು ಸರಿಯಾಗೇ ಅದೆ." ನಗುತ್ತಲೇ ಮಗಳತ್ತ ತಿರುಗಿದರು. ಅವಳ ಅಳು ನಿಂತಿರಲಿಲ್ಲ. ಅವರ ನಗು ಇಳಿಯಿತು.

"ಇಷ್ಟು ಆತ್ರ ಯಾಕ್ಬಿದ್ದೆ ಮಗಾ? ಡಾಕ್ಟ್ರು ಯಾವಾಗಿನ್ಗಂಟ ಅಂದ್ರು?"

"ಯುಗಾದಿ."

ಮೇಷ್ಟ್ರು ಮತ್ತೆ ಕೊಳವೆಗೆ ಕಣ್ಣಿಟ್ಟರು.

"ದಸರಾ ಒತ್ಗೆ ಉಂಗುರ ತೆರ್ಕೊಳ್ತದೆ," ಎಂದರು.