ಎಡಚಿಯ ಚೀಲ

ಕಾವ್ಯಶ್ರೀ ನನ್ನ ಚಿತ್ರ ಬರೆಯುವಾಗ ಮುಖ ಬಿಟ್ಟಳು.

"ಮುಖ ಬೇಡ. ಚೀಲ ಕಂಡ್ರೆ ಸಾಕು. ಅಲ್ಲಾಡ್ಬೇಡ," ಎಂದಳು.

ನಾನು ಚೆಂಡು ಹೂವಿನ ಸಾಲಿನ ನಡುವೆ ಬಿಸಿಲಲ್ಲಿ ನಿಂತಿದ್ದೆ. ಅವಳು ಬದುವಿನ ಮೇಲೆ, ಹೊಂಗೆ ನೆರಳಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಅವಳ ತಾಯಿ ಶಿವರುದ್ರಮ್ಮ.

ಗುಂಡ್ಲುಪೇಟೆಯಿಂದ ಎರಡು ಮೈಲಿ ದೂರದ ಆ ಹೊಲ ಅವರದು. ನಾನೂ ನನ್ನವ್ವ ಮರಿತಾಯಮ್ಮನೂ ಅಲ್ಲಿ ಹೂ ಕೀಳುತ್ತಿದ್ದೆವು. ಕಾವ್ಯಶ್ರೀ ಚಾಮರಾಜನಗರದ ಒಂದು ಕಾಲೇಜಿನಲ್ಲಿ ಇಂಡಸ್ಟ್ರಿಯಲ್ ಡಿಸೈನ್ ಓದುತ್ತಿದ್ದಳು. ಜನ ಬಳಸುವ ಸಾಮಾನನ್ನು ಹೊಸದಾಗಿ ರೂಪಿಸುವುದು, ಅದರ ಚಿತ್ರ ಬರೆಯುವುದು, ಇದೇ ಅವಳ ಓದು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನಾದರೊಂದು ಮಾಡಿ ತೋರಿಸಬೇಕಿತ್ತು. ಎರಡು ದಿನ ಹೊಲ ಸುತ್ತಿದರೂ ಅವಳಿಗೆ ಏನೂ ಹೊಳೆಯಲಿಲ್ಲ. ಮೂರನೆಯ ದಿನ ನನ್ನ ಸೊಂಟದ ಚೀಲ ಕಣ್ಣಿಗೆ ಬಿತ್ತು.

ಆ ಚೀಲ ನಾನೇ ಹೊಲಿದದ್ದು. ಯೂರಿಯಾ ಚೀಲವನ್ನು ಕತ್ತರಿಸಿ, ಬಾಯನ್ನು ಓರೆಯಾಗಿ ಕೊಯ್ದು, ತಳ ಹೊಲಿಯದೆ ದಾರದಲ್ಲಿ ಬಿಗಿದಿದ್ದೆ. ತುಂಬಿದ ಮೇಲೆ ಮಂಕರಿ ಬುಟ್ಟಿಯ ಹತ್ತಿರ ನಿಂತು ದಾರ ಎಳೆದರೆ ಸಾಕು, ಹೂವು ನಲುಗದೆ ಇಳಿಯುತ್ತದೆ. ಉಳಿದವರೆಲ್ಲ ಸೀರೆಯ ಮಡಿಲಲ್ಲಿ ತುಂಬಿಕೊಂಡು ಪ್ರತಿ ಸಲ ಬಾಗಿ ಸುರಿಯುತ್ತಿದ್ದರು.

ಯಾರು ಹೇಳಿಕೊಟ್ಟರು ಎಂದು ಕಾವ್ಯಶ್ರೀ ಕೇಳಿದಳು. ಯಾರೂ ಇಲ್ಲ ಎಂದೆ. ಎಂಟನೇ ಕ್ಲಾಸು ಬಿಟ್ಟವಳಂತೆ, ತಾನೇ ಕಂಡುಹಿಡಿದಳಂತೆ ಎಂದು ಫೋನಿನಲ್ಲಿ ಗೆಳತಿಗೆ ಹೇಳಿ ನಕ್ಕಳು.

ಒಂದು ವಿಷಯವನ್ನು ನಾನು ಅವಳಿಗೆ ಹೇಳಲಿಲ್ಲ. ನಾನು ಎಡಚಿ. ಶಾಲೆಯಲ್ಲಿ ಮೇಷ್ಟ್ರು ಎಡಗೈ ಗೆಣ್ಣಿಗೆ ಸ್ಕೇಲಿನ ಅಂಚಿನಲ್ಲಿ ಹೊಡೆಯುತ್ತಿದ್ದರು. ಬಲಗೈಯ ಅಕ್ಷರ ಸೊಟ್ಟಗಾದರೆ ಅದಕ್ಕೂ ಬೇರೆ ಏಟು. ನಾನು ಶಾಲೆ ಬಿಟ್ಟದ್ದು ಅದಕ್ಕೇ. ಹೊಲದಲ್ಲಿ ಶಿವರುದ್ರಮ್ಮನ ಕಟ್ಟಳೆ ಇತ್ತು. ಮೇಲಿನ ಹೊಲದ ಹೂ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವುದು, ಅದನ್ನು ಯಾವ ಕೈಯಲ್ಲಾದರೂ ಕೀಳಬಹುದು. ಕೆಳಗಿನ ಹೊಲದ್ದು ಪೂಜೆಗೆ ಮಾರುವ ಹೂ. ಅದಕ್ಕೆ ಎಡಗೈ ಸೋಕಬಾರದು. ಹಿಂದೊಮ್ಮೆ ಚಿಕ್ಕಮಲ್ಲಮ್ಮ ಎಡಗೈಯಲ್ಲಿ ಎರಡು ಹೂ ಕಿತ್ತಳೆಂದು ಅವತ್ತೇ ಅವಳನ್ನು ಕೆಲಸದಿಂದ ಬಿಡಿಸಿದ್ದರು.

ನಾನು ಯಾವಾಗಲೂ ಕೊನೆಯ ಸಾಲು ಹಿಡಿದು ಎಡಗೈಯಲ್ಲೇ ಕೀಳುತ್ತಿದ್ದೆ. ಶಿವರುದ್ರಮ್ಮನ ಕಪ್ಪು ಕೊಡೆ ಬದುವಿನ ಮೇಲೆ ಕಂಡ ಕೂಡಲೇ ಕೈ ಬದಲಿಸುತ್ತಿದ್ದೆ. ಹೀಗೆ ಮೂರು ವರ್ಷ. ಚೀಲದ ಬಾಯಿ ಎಡಕ್ಕೆ ಇದ್ದದ್ದು ಎಡಗೈಗೆ ಸಿಗಲೆಂದೇ. ಚಿತ್ರ ಬರೆಯುವ ದಿನವೂ ಕೊಡೆ ಅಲ್ಲೇ ಇತ್ತು. ನಾನು ಬಲಗೈ ಚಾಚಿ ನಿಂತೆ. ಕಾವ್ಯಶ್ರೀ ಅದನ್ನೇ ಬರೆದುಕೊಂಡಳು.

ಪರೀಕ್ಷೆಯ ದಿನ ನನ್ನನ್ನು ಕಾರಿನ ಹಿಂದೆ, ಪೆಟ್ಟಿಗೆಗಳ ಜೊತೆ ಕೂರಿಸಿ ಚಾಮರಾಜನಗರಕ್ಕೆ ಕರೆದೊಯ್ದರು. ಬಾಯಿ ತೆರೆಯಬಾರದು, ಹೇಳಿದಾಗ ಚೀಲ ಕಟ್ಟಿಕೊಂಡು ತೋರಿಸಬೇಕು, ಅಷ್ಟೇ ಎಂದು ದಾರಿಯಲ್ಲೇ ಅಪ್ಪಣೆಯಾಯಿತು.

ಕಾಲೇಜಿನ ಹಾಲಿನಲ್ಲಿ ಅವಳ ಮೇಜಿನ ಪಕ್ಕ ಚೆಂಡು ಹೂವಿನ ಕುಂಡಗಳು, ಮೇಲೆ ಎರಡು ಚೀಲಗಳಿದ್ದವು. ಒಂದು ನನ್ನದು. ಅದರ ಮುಂದೆ 'ಹಳೆಯ ಪದ್ಧತಿ' ಎಂಬ ಚೀಟಿ. ಇನ್ನೊಂದು ಹಸಿರು ಕ್ಯಾನ್ವಾಸಿನದು. ಅಳತೆ, ಓರೆ, ದಾರ ಎಲ್ಲ ನನ್ನದೇ. ಅದರ ಮುಂದೆ 'ಹೊಸ ವಿನ್ಯಾಸ'. ಗೋಡೆಯ ಮೇಲೆ ಆಳೆತ್ತರದ ಚಿತ್ರ, ಮುಖವಿಲ್ಲದ ಹೆಂಗಸು. ಅವಳ ಬಲಗೈ ಹೊಟ್ಟೆಯನ್ನು ದಾಟಿ ಎಡಗಡೆಯ ಚೀಲದ ಬಾಯಿಗೆ ಹೂ ಹಾಕುತ್ತಿತ್ತು. ಕೆಳಗೆ ಕಾವ್ಯಶ್ರೀಯ ಹೆಸರು.

ಪರೀಕ್ಷೆಗೆ ಬಂದ ಮೇಡಂ ನರೆಗೂದಲಿನವರು. ಹಸಿರು ಚೀಲ ತಾವೇ ಕಟ್ಟಿಕೊಂಡು, ಕುಂಡದ ಗಿಡಗಳಿಂದ ನಾಲ್ಕು ಹೂ ಕಿತ್ತು ಹಾಕಿದರು.

"ಪ್ರತಿ ಸಲ ಕೈ ಅಡ್ಡ ಹೋಗ್ಬೇಕಲ್ಲಮ್ಮ. ಬಾಯಿ ಯಾಕೆ ಈ ಕಡೆ?"

ನಲವತ್ತು ಹೆಂಗಸರನ್ನು ಮಾತಾಡಿಸಿ ಅಧ್ಯಯನ ಮಾಡಿದ್ದೇನೆ ಎಂದು ಕಾವ್ಯಶ್ರೀ ಶುರು ಮಾಡಿದಳು. ನನ್ನೊಬ್ಬಳನ್ನು ಬಿಟ್ಟು ಅವಳು ಯಾರನ್ನೂ ಮಾತಾಡಿಸಿರಲಿಲ್ಲ. ಮೇಡಂ ಕೇಳಿ ಮುಗಿಸಿ ಚೀಲ ಬಿಚ್ಚಿ ನನಗೆ ಕೊಟ್ಟರು. "ನೀನು ಕಿತ್ತು ತೋರ್ಸು."

ಮುಂದಿನ ಕುರ್ಚಿಯಲ್ಲಿ ಶಿವರುದ್ರಮ್ಮ ಕೂತಿದ್ದರು. ಬಲಗೈಯಲ್ಲಿ ಕಿತ್ತರೆ ಚೀಲ ಕೆಲಸಕ್ಕೆ ಬಾರದ್ದು ಎಂದಾಗುತ್ತದೆ. ಎಡಗೈಯಲ್ಲಿ ಕಿತ್ತರೆ ನನ್ನ ಕೆಲಸ ಹೋಗುತ್ತದೆ. ನಾನು ಹಸಿರು ಚೀಲವನ್ನು ಮೇಜಿನ ಮೇಲಿಟ್ಟು ನನ್ನ ಯೂರಿಯಾ ಚೀಲ ಕಟ್ಟಿಕೊಂಡೆ. ಎಡಗೈ ತಾನಾಗಿ ಓಡಿತು. ಮೇಡಂ ನೋಡನೋಡುತ್ತಲೇ ಕುಂಡಗಳು ಬರಿದಾದವು. ದಾರ ಎಳೆದೆ. ಹೂವೆಲ್ಲ ಮೇಜಿನ ಮೇಲೆ ಇಳಿಯಿತು.

"ಓ, ಎಡಗೈಯವರಿಗಾ?" ಎಂದರು ಮೇಡಂ.

ಕಾವ್ಯಶ್ರೀ ಒಂದು ಗಳಿಗೆಯೂ ತಡೆಯಲಿಲ್ಲ. "ಹೌದು ಮೇಡಂ. ಎಡಗೈಯವರನ್ನ ಯಾರೂ ಯೋಚ್ನೆ ಮಾಡಲ್ಲ. ಅದಕ್ಕೇ ನಾನು ಅವ್ರಿಗೋಸ್ಕರ ಡಿಸೈನ್ ಮಾಡ್ದೆ."

ಮೇಡಂ ತಲೆದೂಗಿ ಅಂಕ ಬರೆಯಲು ಹಾಳೆಯ ಮೇಲೆ ಪೆನ್ನು ಊರಿದರು. ನಾನು ಗೋಡೆಯ ಚಿತ್ರ ತೋರಿಸಿ ಕೇಳಿದೆ.

"ಅಂಗಾರೆ ಚಿತ್ರದಲ್ಲಿ ಬಲಗೈ ಯಾಕ್ ಬರ್ದಿದ್ದೀರಕ್ಕ?"

ಮೇಡಂ ಗೋಡೆಯತ್ತ ತಿರುಗಿದರು. ಚಿತ್ರ ನೋಡಿದರು, ಯೂರಿಯಾ ಚೀಲ ನೋಡಿದರು, 'ಹಳೆಯ ಪದ್ಧತಿ' ಚೀಟಿಯನ್ನು ಎತ್ತಿ ಓದಿದರು. ಇದನ್ನು ಹೊಲಿದದ್ದು ಯಾರು ಎಂದು ಕೇಳಿದರು. ನಾನು ಎಂದೆ. ಹೆಸರು ಕೇಳಿದರು. ಭಾನು ಎಂದೆ. ಬರೆದುಕೊಂಡರು. ಆಮೇಲೆ ಏನಾಯಿತೋ ಗೊತ್ತಿಲ್ಲ. ನನ್ನನ್ನು ಹೊರಗೆ ಕಳಿಸಿದರು.

ಶಿವರುದ್ರಮ್ಮ ಮೆಟ್ಟಿಲವರೆಗೆ ಬಂದರು. ದನಿ ಏರಿಸಲಿಲ್ಲ.

"ಮೂರ್ ವರ್ಸ ದೇವ್ರ ಹೂವೆಲ್ಲ ಮೈಲಿಗೆ ಮಾಡ್ಬುಟ್ಟಲ್ಲಮ್ಮಿ. ನಾಳೆಯಿಂದ ನೀನೂ ಬರ್ಬ್ಯಾಡ, ನಿಮ್ಮವ್ವನೂ ಬರ್ಬ್ಯಾಡ. ಆ ಚೀಲ ಇಲ್ಲೇ ಇಟ್ಬುಟ್ಟು ಓಗು."

ಚೀಲ ಸೊಂಟದಲ್ಲೇ ಇತ್ತು. ನಾನು ಬಿಚ್ಚಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದೆ.

ಉತ್ತರ ಹೊಳೆದದ್ದು ಬಸ್ಸು ತೆರಕಣಾಂಬಿ ದಾಟಿದ ಮೇಲೆ. ಮೂರು ವರ್ಷ ಯಾವ ದೇವರೂ ಒಂದು ಹೂವನ್ನೂ ವಾಪಸ್ ಕಳಿಸಲಿಲ್ಲವಲ್ಲ ಅಮ್ಮಾವ್ರೇ. ಹಾಗನ್ನಬೇಕಿತ್ತು. ಪಕ್ಕದಲ್ಲಿದ್ದ ಹೆಂಗಸು ನನ್ನ ತುಟಿ ಅಲ್ಲಾಡುವುದನ್ನು ಕಂಡು ಸ್ವಲ್ಪ ಸರಿದು ಕೂತಳು.

ಅವ್ವ ಬಯ್ಯುತ್ತಾಳೆ, ಬಯ್ಯಲಿ. ನಾಳೆ ಕಾರ್ಖಾನೆಗೇ ಹೂ ಬೆಳೆಯುವ ಬೇರೆ ಹೊಲದಲ್ಲಿ ಕೆಲಸ ಕೇಳಬೇಕು. ಅಲ್ಲಿ ಮೊದಲನೆಯ ಸಾಲನ್ನೇ ಹಿಡಿಯುತ್ತೇನೆ.