ಲಾವಕ್ಕಿಯ ಹೊಲಕ್ಕೆ ಹೊಂದುವ ಸಲಕರಣೆ

1986ನೆಯ ಇಸವಿಯ ಜೂನ್ ತಿಂಗಳಲ್ಲಿ ಜಮೀನು ಬಂತು. ಆಗಸ್ಟ್‌ನಲ್ಲಿ ಟ್ರ್ಯಾಕ್ಟರ್ ಬಂತು. ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುವ ಸಲಕರಣೆ ಬಂತು. ಅಕ್ಟೋಬರ್‌ನಲ್ಲಿ ಆಯುಧಪೂಜೆ ಬಂತು. ಮಣ್ಣು ಎಂತಹದು, ನೆಲ ಎಷ್ಟು ಇಳಿಜಾರು, ಬಿತ್ತಬೇಕಾದ ಬೀಜ ಎಷ್ಟು ಆಳ ಕೇಳುತ್ತದೆ ಎಂಬ ಪ್ರಶ್ನೆಗಳು ಎಲ್ಲಕ್ಕಿಂತ ಕೊನೆಗೆ ಬಂದವು. ಮೊದಲು ಬರಬೇಕಾದುದು ಕೊನೆಗೆ ಬಂದುದರಿಂದ ಒಬ್ಬ ಹೆಂಗಸಿನ ಕೈ, ಬಹುಶಃ ಪ್ರಾಣವೇ, ಹೋಗುವುದರಲ್ಲಿತ್ತು.

ಜಮೀನು ಇದ್ದುದು ಕಡಲಾಚೆಯ ಎವರ್‌ಗ್ರೀನ್ ಎಂಬ ಊರಿನ ಮೇಲಿನ ಬೆಟ್ಟದ ಓರೆಯಲ್ಲಿ. ಅದನ್ನು ಪಾಲಿನಲ್ಲಿ ಕೊಂಡವರು ಇಬ್ಬರು: ಎವರ್‌ಗ್ರೀನ್‌ನಲ್ಲೇ ಇರುವ ಮೈಸೂರಿನ ಎಂಜಿನಿಯರ್ ದ್ವಾರಕಾನಾಥ ಮತ್ತು ಹತ್ತಿರದ ಸರಟೋಗಾದಲ್ಲಿರುವ ಉಡುಪಿ ಮೂಲದ ವೈದ್ಯ ರಘುರಾಮ. ಬೆಟ್ಟದ ಕೆಳಗೆ ಹೊಸ ಮನೆಗಳು ಏಳುತ್ತಿದ್ದಂತೆ, ತಲೆಯ ಮೇಲೆ ಕಪ್ಪು ಚುಂಗು ತೂಗಿಸಿಕೊಂಡು ಓಡಾಡುವ ಲಾವಕ್ಕಿಗಳು ಮೇಲಕ್ಕೆ ಸರಿಯುತ್ತಿದ್ದವು. ಜಮೀನಿನ ಒಂದು ತುಂಡಿನಲ್ಲಿ ಅವುಗಳಿಗಾಗಿಯೇ ಬಾರ್ಲಿ ಮತ್ತು ಕ್ಲೋವರ್ ಸೊಪ್ಪು ಬಿತ್ತಬೇಕೆಂಬುದು ದ್ವಾರಕಾನಾಥರ ಹೆಂಡತಿ ಮೈಥಿಲಿಯವರ ಆಸೆ. ಹೊಲದಲ್ಲಿ ಹಕ್ಕಿಯ ಪಾಲೆಂದು ಒಂದು ಮೂಲೆ ಬಿಡುವುದನ್ನು ಕಂಡು ಬೆಳೆದವರು ಅವರು. ಇಲ್ಲಿ ಇಡೀ ಹೊಲವೇ ಹಕ್ಕಿಯ ಪಾಲು ಎಂದು ಎಲ್ಲರೂ ಒಪ್ಪಿದರು. ಉದ್ದೇಶದಲ್ಲಿ ತಪ್ಪು ಹುಡುಕುವಂತಿಲ್ಲ.

ತಪ್ಪು ಆರಂಭವಾದದ್ದು ಫ್ರೀವೇ ಹೆದ್ದಾರಿಯ ಪಕ್ಕದ ಒಂದು ಸಲಕರಣೆ ಅಂಗಡಿಯಲ್ಲಿ. ದ್ವಾರಕಾನಾಥರದು ಹದಿನಾರು ಹಾರ್ಸ್‌ಪವರ್‌ನ ಪುಟ್ಟ ಟ್ರ್ಯಾಕ್ಟರ್. ಅದರ ಹಿಂದೆ ಜೋಡಿಸಲೆಂದು ಅಂಗಡಿಯವನು ಐದು ಅಡಿ ಅಗಲದ ಟಿಲ್ಲರನ್ನು ಮಾರಿದನು. ಟಿಲ್ಲರ್ ಎಂದರೆ ಬಾಗಿದ ಉಕ್ಕಿನ ಅಲಗುಗಳು ಗಿರಗಿರನೆ ತಿರುಗಿ ಮಣ್ಣನ್ನು ಪುಡಿ ಮಾಡುವ ಯಂತ್ರ. ಅಷ್ಟು ಅಗಲದ ಟಿಲ್ಲರನ್ನು ತಿರುಗಿಸಲು ಈ ಟ್ರ್ಯಾಕ್ಟರಿನ ಶಕ್ತಿ ಸಾಲದು. ಅಷ್ಟು ಭಾರವನ್ನು ಇಳಿಜಾರಿನಲ್ಲಿ ಎತ್ತಿ ಹಿಡಿಯುವುದು ಅಪಾಯ. ಮಾರುವವನಿಗೆ ಇವೆರಡೂ ತಿಳಿದಿರಲೇಬೇಕು. ಆದರೂ ಆತ ಜಮೀನು ಎಲ್ಲಿದೆ ಎಂದು ಕೇಳಲಿಲ್ಲ, ಏನು ಬಿತ್ತುತ್ತೀರಿ ಎಂದು ಕೇಳಲಿಲ್ಲ. ಒಂದು ಸೈಜು ದೊಡ್ಡದು ಕೊಂಡವರು ಎಂದೂ ಪಶ್ಚಾತ್ತಾಪ ಪಟ್ಟಿಲ್ಲವೆಂದು ಮಾತ್ರ ಹೇಳಿದನು. ಇದನ್ನು ವ್ಯಾಪಾರದ ಜಾಣ್ಮೆ ಎನ್ನುವವರಿದ್ದಾರೆ. ಕೊಳ್ಳುವವನ ಪ್ರಾಣದ ವಿಷಯದಲ್ಲಿ ತೋರುವ ಉಡಾಫೆಗೆ ಜಾಣ್ಮೆ ಎಂಬ ಹೆಸರು ಸಲ್ಲದು.

ಉಡಾಫೆ ಒಂದೇ ಕಡೆಯದೂ ಅಲ್ಲ. ಕಚೇರಿಯಲ್ಲಿ ಒಂದು ಸಣ್ಣ ತಿರುಪನ್ನು ಆರಿಸುವಾಗಲೂ ಮೂರು ಬಾರಿ ಪರೀಕ್ಷಿಸುವ ದ್ವಾರಕಾನಾಥರು ಟಿಲ್ಲರಿನ ಜೊತೆ ಬಂದ ಕೈಪಿಡಿಯನ್ನು ತೆರೆದು ನೋಡಲಿಲ್ಲ. ಮೊದಲ ಸಲ ಟಿಲ್ಲರನ್ನು ಮೇಲೆತ್ತಿದಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟವು. ಮುಂದಿನ ಗಾಲಿ ನೆಲ ಬಿಟ್ಟರೆ ಸ್ಟಿಯರಿಂಗ್ ಇದ್ದೂ ಇಲ್ಲದಂತೆ. ಅವರು ನಕ್ಕು, ಟ್ರ್ಯಾಕ್ಟರ್ ತಮಗೆ ನಮಸ್ಕಾರ ಮಾಡುತ್ತಿದೆ ಎಂದು ರಘುರಾಮರಿಗೆ ಫೋನಿನಲ್ಲಿ ವರ್ಣಿಸಿದರು.

ಆಯುಧಪೂಜೆಯ ದಿನ ಬೆಳಿಗ್ಗೆ ಎರಡೂ ಮನೆಯವರು ಬೆಟ್ಟದ ಮೇಲೆ ಸೇರಿದರು. ಮೈಥಿಲಿಯವರ ತಂಗಿ ಸ್ನೇಹಲತಾ ಪಕ್ಕದ ಊರಾದ ಬೆರ್ರಿಯೆಸಾದಿಂದ ಬಂದಿದ್ದರು. ಸ್ನೇಹಲತಾ ಮಣ್ಣುವಿಜ್ಞಾನದಲ್ಲಿ ಪದವಿ ಪಡೆದವರು. ರೈತರಿಗೆ ಸಲಹೆ ನೀಡುವ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಾರೆ. ಟ್ರ್ಯಾಕ್ಟರ್ ತೊಳೆದು ಸಿದ್ಧವಾಗಿತ್ತು. ಗಾಲಿಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ವಿಭೂತಿ, ಹಿಂದಿನ ಚೌಕಟ್ಟಿಗೆ ಚೆಂಡುಹೂವಿನ ಹಾರ. ಟ್ರ್ಯಾಕ್ಟರಿನಿಂದ ಟಿಲ್ಲರಿಗೆ ಶಕ್ತಿ ಒಯ್ಯುವ ಉಕ್ಕಿನ ಶಾಫ್ಟಿನ ಉದ್ದಕ್ಕೂ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ಸ್ನೇಹಲತಾ ಅಲ್ಲಿಯೇ ನಿಂತುಬಿಟ್ಟರು. ಆ ಶಾಫ್ಟಿನ ಮೇಲೆ ಹಳದಿ ಪ್ಲಾಸ್ಟಿಕ್ಕಿನ ಕವಚ ಇರಬೇಕಿತ್ತು. ಅದು ಎಲ್ಲಿ ಹೋಯಿತು ಎಂದು ಕೇಳಿದರು.

ಹಿಂದಿನ ಸಂಜೆ ತಾವೇ ಬಿಚ್ಚಿಟ್ಟಿರುವುದಾಗಿ ದ್ವಾರಕಾನಾಥರು ಹೇಳಿದರು. ಕುಂಕುಮ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಜಾರಿಹೋಗುತ್ತದೆ.

"ಅದೂ ಅಲ್ದೆ," ಎಂದು ಅವರು ವಿವರಿಸಿದರು, "ಪೂಜೆ ಮಾಡೋದು ಆಯುಧಕ್ಕೆ. ಅದರ ಅಂಗಿಗಲ್ಲ."

ಮುಂದಿನ ಯೋಜನೆ ಇನ್ನೂ ಅಪಾಯಕರವಾಗಿತ್ತು. ಶುಭ ಮುಹೂರ್ತ ಮೀರುವ ಮೊದಲು ದ್ವಾರಕಾನಾಥರು ಒಂದು ಸಾಲು ಉಳುವುದು. ಮೈಥಿಲಿ ರೇಷ್ಮೆ ಸೀರೆಯಲ್ಲಿ, ಸೊಂಟದ ಮೇಲೆ ಬೀಜದ ಮೊರ ಇಟ್ಟುಕೊಂಡು, ಟಿಲ್ಲರಿನ ಬೆನ್ನಿಗೇ ನಡೆಯುತ್ತ ಬೀಜ ಚೆಲ್ಲುವುದು. ಉತ್ತ ಸಾಲು ಬಿಸಿಯಾಗಿರುವಾಗಲೇ ಬೀಜ ಬಿದ್ದರೆ ಮಾತ್ರ ಹಿಡಿಯುತ್ತದೆ ಎಂದು ಮೈಥಿಲಿಯವರು ನಂಬಿದ್ದರು. ಎತ್ತಿನ ನೇಗಿಲಿನ ಹಿಂದೆ ಬಿತ್ತುವ ಕ್ರಮ ಅದು. ಎತ್ತಿನ ನೇಗಿಲಿನಲ್ಲಿ ನಿಮಿಷಕ್ಕೆ ಐನೂರು ಸುತ್ತು ತಿರುಗುವ ಶಾಫ್ಟು ಇರುವುದಿಲ್ಲ ಎಂಬುದನ್ನು ಆ ಬೆಳಿಗ್ಗೆ ಅಲ್ಲಿದ್ದ ವಿದ್ಯಾವಂತರಾರೂ ಯೋಚಿಸಿರಲಿಲ್ಲ.

ಸ್ನೇಹಲತಾ ಬಿಡಲಿಲ್ಲ. ಕವಚ ಹಾಕದೆ ಎಂಜಿನ್ ಶುರು ಮಾಡಬೇಡಿ, ಅಕ್ಕ ಹಿಂದೆ ನಡೆಯುವುದು ಬೇಡ, ಈ ಟಿಲ್ಲರು ಈ ಟ್ರ್ಯಾಕ್ಟರಿಗೆ ಸಲ್ಲದು ಎಂದು ಒಂದೊಂದಾಗಿ ಹೇಳಿದರು. ದ್ವಾರಕಾನಾಥರು ಬೇಸರಗೊಂಡರು. ದೊಡ್ಡದು ಇದ್ದರೆ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದರು.

"ಭಾವ, ಮಗೂಗೆ ಒಂದು ಸೈಜು ದೊಡ್ಡ ಅಂಗಿ ತೊಗೊಂಡ್ರೆ ಸರಿ, ಮಗು ಬೆಳೆಯತ್ತೆ. ಟ್ರ್ಯಾಕ್ಟರು ಬೆಳೆಯಲ್ಲ."

"ಹತ್ತು ನಿಮಿಷದ ಕೆಲಸ ಸ್ನೇಹಾ. ಮುಹೂರ್ತ ಹೋಗತ್ತೆ. ಕವರು ಆಮೇಲೆ ಹಾಕ್ತೀನಿ."

ರಘುರಾಮರು ತಮ್ಮ ಊರಿನ ಧಾಟಿಯಲ್ಲಿ ನಡುವೆ ಬಾಯಿ ಹಾಕಿದರು. "ಮುಹೂರ್ತ ಮೈಸೂರಿನ ಪಂಚಾಂಗದ್ದಲ್ವಾ ಮಾರಾಯ್ರೆ? ಅಲ್ಲಿ ಈಗ ರಾತ್ರಿ. ಸ್ವಲ್ಪ ತಡ ಆದ್ರೆ ಎಂತ ಆಗುದಿಲ್ಲ."

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ದ್ವಾರಕಾನಾಥರು ಏರಿ ಕುಳಿತು ಎಂಜಿನ್ ಶುರು ಮಾಡಿದರು, ಸನ್ನೆಕೋಲು ಎಳೆದರು, ಶಾಫ್ಟು ತಿರುಗತೊಡಗಿತು. ಅದುರುವಿಕೆಗೆ ಹಾರದ ಒಂದು ಕೊನೆ ಕಳಚಿ ಜೋತುಬಿತ್ತು. ದೇವರ ಹೂವು ನೆಲಕ್ಕೆ ಬೀಳಬಾರದೆಂದು, ಟಿಲ್ಲರಿನ ಬಳಿ ಆಗಲೇ ಬಂದು ನಿಂತಿದ್ದ ಮೈಥಿಲಿಯವರು ಮೊರವನ್ನು ಎಡಗೈಗೆ ಬದಲಿಸಿ, ಬಲಗೈಯಿಂದ ಅದನ್ನು ಹಿಡಿದರು.

ಹಾರ ಇಲ್ಲವಾಯಿತು. ಅಲ್ಲಿದ್ದವರಲ್ಲಿ ಯಾರೂ ಅದು ಹೋದುದನ್ನು ಕಾಣಲಿಲ್ಲ. ಶಾಫ್ಟಿಗೆ ಸುತ್ತಿಕೊಂಡ ದಾರದ ಉಂಡೆ ಮಾತ್ರ ಕಂಡಿತು. ಸ್ನೇಹಲತಾ ಅಕ್ಕನ ಸೊಂಟ ಹಿಡಿದು ಹಿಂದಕ್ಕೆ ಎಳೆದುಕೊಂಡರು. ದ್ವಾರಕಾನಾಥರು ಎಂಜಿನ್ ನಿಲ್ಲಿಸಿದರು. ಮೈಥಿಲಿಯವರ ಅಂಗೈಯಲ್ಲಿ ದಾರ ಎಳೆದುಹೋದ ಕಡೆ ಚರ್ಮ ಸೀಳಿ ರಕ್ತ ಒಸರುತ್ತಿತ್ತು. ಹೂವಿನ ದಾರ ಹರಿಯುವಂತಹದಾದ್ದರಿಂದ ಹರಿಯಿತು. ರೇಷ್ಮೆ ಸೀರೆಯ ಸೆರಗು ಹರಿಯುವುದಿಲ್ಲ.

ರಘುರಾಮರು ಕಾರಿನಿಂದ ಔಷಧದ ಪೆಟ್ಟಿಗೆ ತಂದು ಗಾಯ ತೊಳೆದರು. ಪೆಟ್ಟು ದೊಡ್ಡದಲ್ಲವಲ್ಲ, ದೇವರು ಕಾಪಾಡಿದ ಎಂದು ದ್ವಾರಕಾನಾಥರು ಮೆಲ್ಲಗೆ ಅಂದರು. ಮೈಥಿಲಿ ಗಂಡನ ಕಡೆ ತಿರುಗಿದರು.

"ದೇವರ ಮೇಲೆ ಹಾಕಬೇಡಿ. ಆ ಕಬ್ಬಿಣಕ್ಕೆ ಕುಂಕುಮ ಇಡಬೇಕು ಅಂತ ಅದರ ಕವರು ಬಿಚ್ಚೋಕೆ ನಿಮಗೆ ಒಂದು ಸಂಜೆ ಪುರುಸೊತ್ತಿತ್ತು. ನಾನು ಅದರ ಹಿಂದೆ ನಡೀತೀನಿ ಅಂತ ಯೋಚನೆ ಮಾಡೋಕೆ ಒಂದು ನಿಮಿಷ ಇರಲಿಲ್ಲ. ನನ್ನ ಹಣೇಲೂ ಕುಂಕುಮ ಇದೆ, ನೋಡಿದ್ದೀರಾ?"

ದ್ವಾರಕಾನಾಥರು ಟ್ರ್ಯಾಕ್ಟರಿನ ಕೀಲಿಯನ್ನು ತೆಗೆದು ಹೆಂಡತಿಯ ಕೈಗೆ ಕೊಟ್ಟರು.

ಮರುವಾರ ಗಂಡ, ಹೆಂಡತಿ, ಸ್ನೇಹಲತಾ ಮೂವರೂ ಅದೇ ಅಂಗಡಿಗೆ ಹೋದರು. ಇಲ್ಲಿಯವರೆಗೆ ಯಾರೂ ದೂರು ತಂದಿಲ್ಲ, ಸಮತಟ್ಟಾದ ತೋಟವುಳ್ಳ ಒಬ್ಬರು ಇದನ್ನೇ ಕೊಂಡು ಸುಖವಾಗಿದ್ದಾರೆ ಎಂದು ಅಂಗಡಿಯವನು ವಾದಿಸಿದನು. ಆ ತೋಟದವರ ಟ್ರ್ಯಾಕ್ಟರ್ ಎಷ್ಟು ದೊಡ್ಡದು ಎಂದು ಸ್ನೇಹಲತಾ ಕೇಳಿದರು. ಉತ್ತರ ಕೇಳಿದಾಗ ಅದು ಇವರದಕ್ಕಿಂತ ಎರಡು ಪಟ್ಟು ಶಕ್ತಿಯದೆಂದು ತಿಳಿಯಿತು. ಮೈಥಿಲಿ ಪಟ್ಟಿ ಕಟ್ಟಿದ ಕೈಯನ್ನು ಕೌಂಟರಿನ ಮೇಲಿಟ್ಟು, ಅಲ್ಲಿಂದ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಂಗಡಿಯವನು ಟಿಲ್ಲರನ್ನು ಹಿಂತೆಗೆದುಕೊಳ್ಳಲು ಒಪ್ಪಿದನು.

ಬದಲಿಗೆ ಏನು ಕೊಳ್ಳಬೇಕೆಂಬುದನ್ನು ಸ್ನೇಹಲತಾ ಬೀಜದಿಂದ ಆರಂಭಿಸಿ ವಿವರಿಸಿದರು. ಕ್ಲೋವರ್ ಬೀಜ ರಾಗಿಯಷ್ಟು ಸಣ್ಣದು. ಕಾಲು ಅಂಗುಲಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಅಂತಹ ಬೀಜಕ್ಕೆ ನೆಲವನ್ನು ಆಳಕ್ಕೆ ಪುಡಿ ಮಾಡುವುದು ವ್ಯರ್ಥ ಶ್ರಮ. ಬೆಟ್ಟದ ಓರೆಯಲ್ಲಿ ಪುಡಿಯಾದ ಮಣ್ಣು ನವೆಂಬರ್ ಮಳೆಗೆ ಕೆಳಗಿನವರ ಅಂಗಳ ಸೇರುತ್ತದೆ. ಆದ್ದರಿಂದ ನಾಲ್ಕು ಅಡಿ ಅಗಲದ ಹಗುರ ಡಿಸ್ಕ್ ಹ್ಯಾರೋ ಸಾಕು. ಅದರಲ್ಲಿ ತಟ್ಟೆಯಂತಹ ಉಕ್ಕಿನ ಬಿಲ್ಲೆಗಳು ಮೇಲ್ಮಣ್ಣನ್ನು ಕೊಯ್ದು ತಿರುವುತ್ತವೆ. ಅದನ್ನು ಟ್ರ್ಯಾಕ್ಟರ್ ಎಳೆಯುತ್ತದೆ ಅಷ್ಟೆ. ತಿರುಗುವ ಶಾಫ್ಟಿನ ಅಗತ್ಯವೇ ಇಲ್ಲ. ಬಿತ್ತಲು, ಎದೆಗೆ ತೂಗುಹಾಕಿಕೊಂಡು ಹಿಡಿಕೆ ತಿರುಗಿಸಿದರೆ ಬೀಜ ಚೆಲ್ಲುವ ಎರಚುಚೀಲ. ಕೊನೆಗೆ ಮಣ್ಣನ್ನು ಬೀಜದ ಮೇಲೆ ಒತ್ತಲು ಒಂದು ಚಿಕ್ಕ ರೋಲರು; ಬೀಜಕ್ಕೆ ಮಣ್ಣು ಗಟ್ಟಿಯಾಗಿ ತಾಗಿದಷ್ಟೂ ಮೊಳಕೆ ಚೆನ್ನ. ಮುಂದಿನ ಗಾಲಿಗಳು ನೆಲ ಬಿಡದಿರಲು ಟ್ರ್ಯಾಕ್ಟರಿನ ಮೂತಿಗೆ ತೂಕದ ಕಬ್ಬಿಣ.

ಡಿಸ್ಕ್ ಹ್ಯಾರೋವಿನ ಭಾರವನ್ನು ಟ್ರ್ಯಾಕ್ಟರ್ ಎತ್ತಬಲ್ಲದೆಂದು ಕೈಪಿಡಿಯಲ್ಲಿ ನೋಡಿ ಖಚಿತಪಡಿಸಿಕೊಂಡವರು ಈ ಬಾರಿ ದ್ವಾರಕಾನಾಥರೇ. ಆದರೂ ಅವರಿಗೆ ಒಂದು ಸಂದೇಹ ಉಳಿದಿತ್ತು. ಇಷ್ಟು ಸಣ್ಣ ಸಲಕರಣೆ ಕಲ್ಲಿನಂತಹ ಆ ಜೇಡಿಮಣ್ಣನ್ನು ಕೊಯ್ಯುತ್ತದೆಯೇ?

"ಒಣಗಿದಾಗ ಕೊಯ್ಯಲ್ಲ," ಎಂದರು ಸ್ನೇಹಲತಾ. "ಮೊದಲನೇ ಮಳೆ ಬರೋವರೆಗೂ ಕಾಯಬೇಕು. ಕಾಯೋಕಾಗದೆ ಇದ್ದಾಗಲೇ ಭಾವ, ದೊಡ್ಡ ಮಿಷನ್ನು ಬೇಕು ಅನ್ಸೋದು."

ಮಳೆ ಬಂತು. ಮಣ್ಣು ಅಂಟುವುದು ನಿಂತು ಹದವಾದಾಗ ದ್ವಾರಕಾನಾಥರು, ಟ್ರ್ಯಾಕ್ಟರ್ ಉರುಳಿದರೆ ಕುಳಿತವರನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಬಿಗಿದು, ಬೆಲ್ಟು ಕಟ್ಟಿಕೊಂಡು ಕುಳಿತರು. ಕಡಿದಾದ ಓರೆಯನ್ನು ಹುಲ್ಲಿಗೆ ಬಿಟ್ಟು, ಓರೆ ಕಡಿಮೆಯಿದ್ದ ಪಟ್ಟಿಯಲ್ಲಿ ಮಾತ್ರ, ಇಳಿಜಾರಿಗೆ ಅಡ್ಡಲಾಗಿ ಉತ್ತರು. ಹಿಂದೆ ಯಾರೂ ನಡೆಯಲಿಲ್ಲ. ಮರುದಿನ ಎಂಜಿನ್ ನಿಂತಿರುವಾಗ, ಕೀಲಿಯನ್ನು ತಮ್ಮ ಬಳಿ ಇಟ್ಟುಕೊಂಡು, ಮೈಥಿಲಿ ಬೀಜ ಎರಚಿದರು. ಅವರು ಹೊಲದಾಚೆ ಬಂದು ನಿಂತ ಮೇಲೆ ರೋಲರು ಹಾಯಿತು. ಸಾಲು ತಣ್ಣಗಾದ ಮೇಲೆ ಬಿದ್ದ ಬೀಜ ಹಿಡಿಯುವುದೇ ಎಂಬ ಚಿಂತೆ ಅವರಿಗೆ ಇದ್ದೇ ಇತ್ತು.

ಓದುಗರೇ, ಬೆಟ್ಟದ ಮೇಲೆ ನೀವೂ ಹಕ್ಕಿಗಳಿಗಾಗಿ ಬಿತ್ತುವವರಾದರೆ, ಅಂಗಡಿಗೆ ಹೋಗುವ ಮೊದಲು ಜಮೀನಿಗೆ ಹೋಗಿ. ಬೀಜದ ಆಳವನ್ನೂ ನೆಲದ ಇಳಿಜಾರನ್ನೂ ಟ್ರ್ಯಾಕ್ಟರಿನ ಶಕ್ತಿಯನ್ನೂ ತಿಳಿದ ಮೇಲೆಯೇ ಸಲಕರಣೆ ಆರಿಸಿ. ನಿಮ್ಮ ಜಮೀನು ಎಲ್ಲಿದೆ ಎಂದು ಕೇಳದ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ. ಪೂಜೆಗಾಗಲಿ, ಶುಚಿಗಾಗಲಿ, ಅವಸರಕ್ಕಾಗಲಿ ಕವಚವನ್ನು ಬಿಚ್ಚಬೇಡಿ. ಕುಂಕುಮವನ್ನು ಬಾನೆಟ್ಟಿಗೆ ಇಡಿ. ಓಡುತ್ತಿರುವ ಯಂತ್ರದ ಹಿಂದೆ ನಿಮ್ಮ ಮನೆಯ ಹೆಂಗಸರನ್ನು ನಡೆಸಬೇಡಿ.

ಮಾರ್ಚ್ ತಿಂಗಳಲ್ಲಿ ಸ್ನೇಹಲತಾ ಮತ್ತು ಮೈಥಿಲಿ ಹೊಲವನ್ನು ಅಡ್ಡಡ್ಡ ನಡೆದು ಪರಿಶೀಲಿಸಿದರು. ಉತ್ತ ಮರುದಿನ, ಎಂಜಿನ್ ನಿಂತಿರುವಾಗ ಎರಚಿದ ಬೀಜ ಹೊಲದ ಎಲ್ಲ ಭಾಗದಲ್ಲೂ ಮೊಳೆತಿತ್ತು. ಕ್ಲೋವರ್ ಅತ್ಯಂತ ದಟ್ಟವಾಗಿ ಬೆಳೆದದ್ದು, ರೋಲರ್ ಎಳೆಯುವಾಗ ಟ್ರ್ಯಾಕ್ಟರಿನ ಗಾಲಿಗಳು ಮಣ್ಣನ್ನು ಒತ್ತಿಹೋದ ಜಾಡುಗಳಲ್ಲಿ.